ಪಿಕ್ನಿಕ್‌ಗೆ ಪೋರ್ಟಬಲ್ ಟಾಯ್ಲೆಟ್: ಫೋನಿನಲ್ಲಿ ಹೇಳಿದ ರೇಟು, ಕೈಗೆ ಬಂದ ಬಿಲ್ಲು

ಯುಗಾದಿ ಪಿಕ್ನಿಕ್ ಎಂದರೆ ನಮ್ಮ ಕಮಿಟಿ ಮೀಟಿಂಗಿನಲ್ಲಿ ಮುಕ್ಕಾಲು ಪಾಲು ಚರ್ಚೆ ಊಟದ್ದೇ. ಒಬ್ಬಟ್ಟು ಎಲ್ಲಿಂದ ತರಿಸೋದು, ಮೈಕ್ ಸೆಟ್ ಯಾರ ಹತ್ರ ಇದೆ, ಇಷ್ಟರಲ್ಲೇ ಹೊತ್ತು ಮುಗಿಯುತ್ತದೆ. ಶೌಚಾಲಯದ ಮಾತು ಬರೋದು ಕೊನೆಗೆ, ಅದೂ ಪಾರ್ಕಿನ ಪರ್ಮಿಟ್ ಫಾರ್ಮಿನಲ್ಲಿ ಕೇಳಿದಾಗ. ಅಮೆರಿಕದ ಅನೇಕ ಪಾರ್ಕ್‌ಗಳಲ್ಲಿ ಜನ ಇಂತಿಷ್ಟು ದಾಟಿದರೆ ಪೋರ್ಟಬಲ್ ಟಾಯ್ಲೆಟ್ ನಾವೇ ತರಿಸಬೇಕು. ಯಾರೋ ಒಬ್ಬರು ಫೋನ್ ಮಾಡಿ ರೇಟ್ ಕೇಳಿ ಎಕ್ಸೆಲ್ ಶೀಟಿನಲ್ಲಿ ಬರೆಯುತ್ತಾರೆ. ಬಿಲ್ ಬಂದಾಗ ಆ ಅಂಕಿಗೂ ಇದಕ್ಕೂ ನೆಂಟಸ್ತನವೇ ಇರೋದಿಲ್ಲ. ವ್ಯತ್ಯಾಸ ಬೀಳೋದು ಖಜಾಂಚಿಯ ಸ್ವಂತ ಕಾರ್ಡಿನ ಮೇಲೆ. ಅವರೂ ನಮ್ಮಂತೆ ಟಿಎ ಸಂಬಳದಲ್ಲಿ ತಿಂಗಳು ತಳ್ಳುವವರೇ.

ಈ ವ್ಯವಹಾರದಲ್ಲಿ ನಾವು ದುಡ್ಡು ಕೊಡುವುದು ಆ ಪ್ಲಾಸ್ಟಿಕ್ ಡಬ್ಬಕ್ಕಿಂತ ಹೆಚ್ಚಾಗಿ ಅದನ್ನು ಹೊತ್ತು ತರುವ ಲಾರಿಗೆ. ತಂದಿಡಲು ಒಂದು ಸಲ, ಟ್ಯಾಂಕ್ ಖಾಲಿ ಮಾಡಿ ಒಯ್ಯಲು ಇನ್ನೊಂದು ಸಲ. ಡ್ರೈವರ್ ಸಮಯ, ಡೀಸೆಲ್, ಕೊಳಚೆ ಸುರಿಯಲು ಸಂಸ್ಕರಣಾ ಘಟಕಕ್ಕೆ ಕಟ್ಟುವ ಶುಲ್ಕ, ಎಲ್ಲಾ ಇದಕ್ಕೇ ಸೇರುತ್ತವೆ. ಇದು ತಲೆಯಲ್ಲಿದ್ದರೆ ಎಕ್ಸ್‌ಟ್ರಾ ಚಾರ್ಜ್ ಎಲ್ಲಿಂದ ಬರಬಹುದು ಅಂತ ಮೊದಲೇ ಊಹಿಸಬಹುದು.

ಮೊದಲನೆಯದು ಅವಧಿ. ಈ ಉದ್ಯಮದ ದೊಡ್ಡ ಗಿರಾಕಿಗಳು ಕಟ್ಟಡ ಕಟ್ಟುವವರು. ಅದಕ್ಕೇ ಎಷ್ಟೋ ಕಂಪನಿಗಳ ಲೆಕ್ಕ 28 ದಿನದ್ದು, ವಾರಕ್ಕೊಂದು ಸರ್ವಿಸ್ ಸೇರಿಸಿ. ನಮಗೆ ಬೇಕಿರೋದು ಈವೆಂಟ್ ಅಥವಾ ವೀಕೆಂಡ್ ರೇಟ್. ಹೆಸರು ಹಿಡಿದು ಕೇಳಬೇಕು. 28 ದಿನದ ಒಪ್ಪಂದದಲ್ಲಿ, ವಾಪಸ್ ತಗೊಂಡು ಹೋಗಿ ಅಂತ ನಾವು ಹೇಳುವವರೆಗೆ ಮೀಟರ್ ಓಡುತ್ತಲೇ ಇರಬಹುದು. ಫೋನಿನಲ್ಲಿ ಹೇಳಿದರೂ ಒಂದು ಈಮೇಲ್ ಹಾಕಿ, ತಾರೀಕು ಉಳಿಯುತ್ತದೆ.

ಆಮೇಲೆ ಜಾಗ. ಟ್ಯಾಂಕ್ ಹೀರುವ ಪೈಪಿಗೆ ಒಂದು ಅಳತೆ ಇರುತ್ತದೆ, ಲಾರಿ ಹತ್ತಿರಕ್ಕೆ ಬರಲೇಬೇಕು. ಹುಲ್ಲಿನ ಮಧ್ಯೆ ಮರದ ನೆರಳಿನಲ್ಲಿ ಇಟ್ಟರೆ ನೋಡಲು ಚೆಂದ, ಆದರೆ ಮಳೆ ಬಂದು ನೆಲ ಮೆತ್ತಗಾದರೆ ಲಾರಿ ಒಳಗೆ ಬರೋದಿಲ್ಲ. ಭಾನುವಾರ ಸಂಜೆ ಪಾರ್ಕಿನ ಗೇಟ್‌ಗೆ ಬೀಗ ಬಿದ್ದಿದ್ದರೆ, ಟಾಯ್ಲೆಟ್ ಮುಂದೆ ಯಾರೋ ಕಾರು ನಿಲ್ಲಿಸಿದ್ದರೆ, ಡ್ರೈವರ್ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾನೆ. ಆ ಖಾಲಿ ಟ್ರಿಪ್ಪಿಗೂ ದುಡ್ಡು, ಮರುದಿನದ ಟ್ರಿಪ್ಪಿಗೂ ದುಡ್ಡು. ಅದಕ್ಕೆ ಗೇಟಿನ ಸಮಯವನ್ನು ಪಾರ್ಕ್ ಆಫೀಸಿನಲ್ಲಿ ಕೇಳಿ, ಮ್ಯಾಪಿನಲ್ಲಿ ಪಿನ್ ಹಾಕಿ ಕಂಪನಿಗೆ ಕಳಿಸಿ. ಡೆಲಿವರಿ ಹೊತ್ತಿಗೆ ನಮ್ಮವರೊಬ್ಬರು ಅಲ್ಲಿರಬೇಕು. ಇಟ್ಟು ಹೋದ ಮೇಲೆ "ಸ್ವಲ್ಪ ಆ ಕಡೆ ಸರಿಸಿ" ಅಂದರೆ ಅದು ಹೊಸ ಟ್ರಿಪ್. ಗಂಡುಮಕ್ಕಳು ನಾಲ್ಕು ಜನ ಸೇರಿ ತಳ್ಳೋಣ ಅನ್ನೋ ಐಡಿಯಾ ದಯವಿಟ್ಟು ಬೇಡ. ಉರುಳಿದರೆ ಕ್ಲೀನಿಂಗ್ ಚಾರ್ಜ್ ಬೇರೆ, ವಾಸನೆ ಬೇರೆ.

ಇನ್ನು ನಮ್ಮ ಜನಕ್ಕೆ ವಿಶೇಷವಾಗಿ ಅನ್ವಯಿಸುವ ಮಾತು, ಯಾವ ಕಂಪನಿಯೂ ಹೇಳಿಕೊಡದ್ದು: ನೀರು. ಊರಿಂದ ಬಂದ ಅಪ್ಪ ಅಮ್ಮಂದಿರು, ನಾವೂ ಕೂಡ, ಬಾಟಲಿ ಹಿಡಿದೇ ಒಳಗೆ ಹೋಗುತ್ತೇವೆ. ಸಾಮಾನ್ಯ ಯೂನಿಟ್ಟಿನ ಟ್ಯಾಂಕ್ ಸುಮಾರು 60 ಗ್ಯಾಲನ್, ಅಂದರೆ ಹತ್ತಿರಹತ್ತಿರ 227 ಲೀಟರ್. ನೂರು ಸಲ ಅರ್ಧ ಅರ್ಧ ಲೀಟರ್ ಸುರಿದರೆ 50 ಲೀಟರ್ ಆಯಿತು. ಟ್ಯಾಂಕ್ ಅದನ್ನು ತಡೆದುಕೊಳ್ಳುತ್ತದೆ, ವಾಸನೆ ತಡೆಯುವ ನೀಲಿ ದ್ರವ ಮಾತ್ರ ತೆಳುವಾಗುತ್ತದೆ. ನಿಜವಾದ ತೊಂದರೆ ಖಾಲಿ ಬಾಟಲಿಯದ್ದು. ಒಳಗೆ ಕಸದ ಬುಟ್ಟಿ ಇರೋದಿಲ್ಲ, ಬಾಟಲಿ ಸೀದಾ ಟ್ಯಾಂಕಿಗೆ ಹೋಗುತ್ತದೆ, ಆಮೇಲೆ ಹೀರುವ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಡ್ರೈವರ್ ಅದನ್ನು ಕೈಯಾರೆ ಎತ್ತಬೇಕು. ವೈಪ್ಸ್, ಡೈಪರ್, ಪೇಪರ್ ತಟ್ಟೆಯ ಕಥೆಯೂ ಅದೇ. ಬಾಗಿಲ ಹೊರಗೆ ಒಂದು ದೊಡ್ಡ ಕಸದ ಬುಟ್ಟಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿ ಇಟ್ಟರೆ ಸಾಕು. ಚೀಟಿ ಅಂಟಿಸಲು ಗಮ್ ಬೇಡ, ಟೇಪ್ ಸಾಕು. ಕಿತ್ತಾಗ ಉಳಿದ ಗಮ್ಮಿಗೂ ಬಿಲ್ ಹಾಕಬಲ್ಲ ಜನ ಇದ್ದಾರೆ!

ಎಷ್ಟು ಬೇಕು ಅನ್ನೋದರಲ್ಲಿ ಜಿಪುಣತನ ಲಾಭ ತರೋದಿಲ್ಲ. ನಾಲ್ಕೈದು ಗಂಟೆಯ ಕಾರ್ಯಕ್ರಮಕ್ಕೆ ಸುಮಾರು 50 ಜನಕ್ಕೊಂದು ಅನ್ನೋದು ಒರಟು ಲೆಕ್ಕ. ಊಟ, ಮಜ್ಜಿಗೆ, ಕಾಫಿ ಎಲ್ಲಾ ಇದ್ದರೆ ಇನ್ನೊಂದು ಸೇರಿಸಿ. ಮಧ್ಯದಲ್ಲಿ ಒಂದು ತುಂಬಿ ಭಾನುವಾರ ಎಮರ್ಜೆನ್ಸಿ ಸರ್ವಿಸ್ ಕರೆದರೆ ಉಳಿಸಿದ್ದಕ್ಕಿಂತ ಹೆಚ್ಚು ಹೋಗುತ್ತದೆ. ಗಾಲಿಕುರ್ಚಿ ಹೋಗುವ ದೊಡ್ಡ ಯೂನಿಟ್ ಒಂದನ್ನು ಮೊದಲ ಆರ್ಡರಿನಲ್ಲೇ ಹೇಳಿ. ಅಜ್ಜ ಅಜ್ಜಿಯರಿಗೆ, ಮಗು ಎತ್ತಿಕೊಂಡ ತಾಯಂದಿರಿಗೆ ಅದೇ ಅನುಕೂಲ, ಪರ್ಮಿಟ್‌ನವರೂ ಅದನ್ನು ಕೇಳಬಹುದು. ಕೈ ತೊಳೆಯುವ ಸ್ಟೇಷನ್ ಬಾಡಿಗೆಯಲ್ಲಿ ಸೇರಿದೆಯಾ ಅಂತಲೂ ಕೇಳಿ, ಹೆಚ್ಚಾಗಿ ಅದು ಬೇರೆ.

ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಎರಡು ಕಡೆ ಬೆರಳಿಡಿ. ಒಂದು, ಡ್ಯಾಮೇಜ್ ವೇವರ್. ಬೇಡ ಅಂತ ಹೇಳದಿದ್ದರೆ ತಾನಾಗಿ ಸೇರಿಬಿಡುವುದುಂಟು. ರಾತ್ರಿಯೆಲ್ಲಾ ಟಾಯ್ಲೆಟ್ ಪಾರ್ಕಿನಲ್ಲೇ ನಿಲ್ಲುವುದಾದರೆ ತಗೊಳ್ಳೋದು ಒಳ್ಳೆಯದೇ, ಆದರೆ ಯಾವ ಹಾನಿಗೆ ಅನ್ವಯಿಸುತ್ತದೆ ಅಂತ ಓದಿ. ಇನ್ನೊಂದು, ಸಹಿ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಸಂಘದ ಪರವಾಗಿ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ. ಹಾಕಿದರೆ ಸಾಲ ನಿಮ್ಮ ಹೆಸರಿಗೇ ನಿಲ್ಲಬಹುದು. ಸ್ಟೂಡೆಂಟ್ ಆಕ್ಟಿವಿಟೀಸ್ ಆಫೀಸಿಗೆ ಮೊದಲು ಹೋಗಿ. ಸೇಲ್ಸ್ ಟ್ಯಾಕ್ಸ್ ವಿನಾಯಿತಿ ನಮ್ಮ ಸಂಘಕ್ಕೂ ಸಿಗುತ್ತದಾ ಅನ್ನೋದನ್ನು ಅಲ್ಲೇ ಕೇಳಿಬಿಡಿ, ಬಿಲ್ ಆದ ಮೇಲೆ ತೆಗೆಸೋದು ಕಷ್ಟ.

ಫೆಡರಲ್ ಟ್ರೇಡ್ ಕಮಿಷನ್‌ನ ಗುಪ್ತ ಶುಲ್ಕದ ನಿಯಮ 2025ರ ಮೇನಲ್ಲಿ ಜಾರಿಗೆ ಬಂತಲ್ಲ ಅಂತ ಕೇಳಬಹುದು. ಅದು ಕಾರ್ಯಕ್ರಮಗಳ ಟಿಕೆಟ್ಟಿಗೆ, ಹೋಟೆಲಿನಂಥ ಅಲ್ಪಾವಧಿ ವಾಸ್ತವ್ಯಕ್ಕೆ ಮಾತ್ರ. ಟಾಯ್ಲೆಟ್ ಬಾಡಿಗೆಗೆ ಇಲ್ಲ. ಹಾಗಾಗಿ ಈಮೇಲಿನಲ್ಲಿ ಒಂದೇ ಪ್ರಶ್ನೆ ಕಳಿಸಿ: ಈ ವಿಳಾಸಕ್ಕೆ, ಶನಿವಾರ ತಂದು ಸೋಮವಾರ ಒಯ್ಯಲು, ಡೆಲಿವರಿ, ಪಿಕಪ್, ಇಂಧನ, ಪರಿಸರ ಶುಲ್ಕ, ವೇವರ್, ತೆರಿಗೆ ಎಲ್ಲಾ ಸೇರಿ ಒಟ್ಟು ಎಷ್ಟು? ಲಾರಿ ನಿಮ್ಮದೇನಾ, ದಲ್ಲಾಳಿಯಾ ಅನ್ನೋದನ್ನೂ ಸೇರಿಸಿ. ದಲ್ಲಾಳಿಯಾದರೆ ತಕರಾರು ಬಂದಾಗ ಇಬ್ಬರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುತ್ತಾರೆ.

ಇಟ್ಟಾಗ ಒಂದು, ಒಯ್ಯುವ ಮುಂಚೆ ಒಂದು, ಒಳಗೂ ಹೊರಗೂ ಫೋಟೋ ತೆಗೆದಿಡಿ. ದುಡ್ಡು ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ. ತಪ್ಪು ಚಾರ್ಜ್ ಕಂಡರೆ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಕಾರ್ಡ್ ಕಂಪನಿಗೆ ಬರೆದು ತಕರಾರು ಹಾಕಬಹುದು. ಝೆಲ್‌ನಲ್ಲಿ ಕಳಿಸಿದ ದುಡ್ಡಿಗೆ ಆ ದಾರಿ ಇಲ್ಲ. ಕೊಟೇಶನ್, ಫೋಟೋ, ಬಿಲ್ ಮೂರನ್ನೂ ಸಂಘದ ಡ್ರೈವ್ ಫೋಲ್ಡರಿಗೆ ಹಾಕಿ. ಮುಂದಿನ ವರ್ಷದ ಖಜಾಂಚಿ ಇನ್ನೂ ಬೆಂಗಳೂರಿನಲ್ಲಿ ವೀಸಾ ಇಂಟರ್‌ವ್ಯೂಗೆ ಕಾಯುತ್ತಿರಬಹುದು.