ಅಟ್ಟದ ಮೇಲಿನ ಪ್ಲೇಟುಗಳು

1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಲು ಭೂಮಿಯ ಸಂಗೀತವನ್ನು ಆರಿಸುತ್ತಿದ್ದಾಗ, ಸಂಗೀತ ವಿದ್ವಾಂಸ ರಾಬರ್ಟ್ ಬ್ರೌನ್ ಒಂದು ಹೆಸರನ್ನು ಪಟ್ಟು ಹಿಡಿದು ಹೇಳಿದರು. ಅದು ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ. ಆದರೆ ಆ ರೆಕಾರ್ಡು ಅಷ್ಟು ಹೊತ್ತಿಗೆ ಮಾರುಕಟ್ಟೆಯಲ್ಲಿ ಇರಲಿಲ್ಲ. ತಂಡದ ಆನ್ ಡ್ರುಯಾನ್ ಊರೆಲ್ಲ ವಿಚಾರಿಸಿ, ಕೊನೆಗೆ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಭಾರತೀಯ ಕುಟುಂಬವೊಂದು ನಡೆಸುತ್ತಿದ್ದ ಗೃಹೋಪಯೋಗಿ ಸಾಮಾನಿನ ಅಂಗಡಿಯನ್ನು ಹೊಕ್ಕರು. ಅಲ್ಲಿ ಮೇಜಿನ ಕೆಳಗೆ ತಳ್ಳಿಟ್ಟಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅದರ ಮೂರು ಪ್ರತಿಗಳಿದ್ದವು. ಆ ಮೂರೂವರೆ ನಿಮಿಷದ ಭೈರವಿ ಈಗ ಚಿನ್ನದ ಲೇಪದ ತಾಮ್ರದ ತಟ್ಟೆಯ ಮೇಲೆ ಸೌರಮಂಡಲದ ಆಚೆ ಸಾಗುತ್ತಿದೆ. ನೌಕೆ ಹೊರಟ ಕೆಲವೇ ದಿನಗಳಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಕೇಸರಬಾಯಿ ತೀರಿಕೊಂಡರು.

ಹಳೆಯ ಶಾಸ್ತ್ರೀಯ ಸಂಗೀತದ ರೆಕಾರ್ಡುಗಳನ್ನು ಹುಡುಕುವವರಿಗೆ ಇದು ಬಹಳ ಹತ್ತಿರದ ಕತೆ. ಅವರು ದಿನವೂ ಮಾಡುವ ಕೆಲಸ ಇದೇ. ದೊಡ್ಡ ಅಂಗಡಿಯಲ್ಲಿ ಸಿಗದ್ದನ್ನು ಸಂಬಂಧವೇ ಇಲ್ಲದ ಅಂಗಡಿಯ ಮೇಜಿನ ಕೆಳಗೆ ಹುಡುಕುತ್ತಾರೆ.

ಬೆಂಗಳೂರಿನ ಚಿಕ್ಕಪೇಟೆ ಬದಿಯ ಸಂಡೆ ಬಜಾರು, ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟು, ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟು ಈ ಹುಡುಕಾಟದ ಹಳೆಯ ಜಾಗಗಳು. ಚೆನ್ನೈನವರು 1985ರಲ್ಲಿ ಸುಟ್ಟುಹೋದ ಮೂರ್ ಮಾರ್ಕೆಟ್ಟನ್ನು ಇಂದಿಗೂ ನೆನೆಯುತ್ತಾರೆ. ಆದರೆ ರೆಕಾರ್ಡಿನ ಪ್ಲೇಟುಗಳ ಮೂಲ ಈ ಯಾವ ಪೇಟೆಯೂ ಅಲ್ಲ, ಮನೆಗಳು. ಹಿರಿಯರು ತೀರಿಕೊಂಡ ಮೇಲೆ, ಇಲ್ಲವೇ ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ, ಅಟ್ಟದಿಂದ ಇಳಿದ ಕಟ್ಟು ಗುಜರಿಯವನ ತಕ್ಕಡಿ ಏರುತ್ತದೆ. ಅಲ್ಲಿಂದ ಬೀದಿಯ ವ್ಯಾಪಾರಿ, ಅವನಿಂದ ಹವ್ಯಾಸಿ. ಈ ದಾರಿಯಲ್ಲಿ ಎಷ್ಟೋ ಪ್ಲೇಟು ಒಡೆಯುತ್ತವೆ, ಕವರುಗಳು ಅದಲುಬದಲಾಗುತ್ತವೆ. ಹಾಗಾಗಿ ಪಳಗಿದವರು ಕವರು ನೋಡಿ ದುಡ್ಡು ಕೊಡುವುದಿಲ್ಲ, ತಟ್ಟೆಯನ್ನು ಹೊರಗೆಳೆದು ನೋಡಿಯೇ ಕೊಡುತ್ತಾರೆ.

ರಾಶಿಯಲ್ಲಿ ಹೆಚ್ಚು ಸಿಗುವುದು ಸಿನಿಮಾ ಹಾಡು. ಭಕ್ತಿ ಸಂಗೀತದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ 1963ರ ವೆಂಕಟೇಶ ಸುಪ್ರಭಾತ ಇಲ್ಲದ ಕಟ್ಟೇ ಅಪರೂಪ. ಶಾಸ್ತ್ರೀಯ ಸಂಗೀತದ್ದು ಇವುಗಳ ನಡುವೆ ತೆಳ್ಳಗೆ ಅಡಗಿರುತ್ತದೆ. ಬೆಂಗಳೂರಿನ ದಂಡು ಪ್ರದೇಶದ ಮನೆಗಳಿಂದ ಬೀಥೋವನ್, ಮೊಜಾರ್ಟ್ ಬರುವುದುಂಟು. ಸೋವಿಯತ್ ಪುಸ್ತಕ ಪ್ರದರ್ಶನಗಳ ಕಾಲದಲ್ಲಿ ಅಗ್ಗಕ್ಕೆ ಮಾರಾಟವಾದ ಮೆಲೋಡಿಯಾ ಕಂಪನಿಯ ಪ್ಲೇಟುಗಳೂ ಸಿಗುತ್ತವೆ. ಲೇಬಲ್ಲಿನ ರಷ್ಯನ್ ಅಕ್ಷರ ಓದಲು ಬಾರದೆ ವ್ಯಾಪಾರಿ ಅವನ್ನು ಪಕ್ಕಕ್ಕಿಟ್ಟಿರುತ್ತಾನೆ. ಆ ಅಕ್ಷರ ಕಲಿಯಲು ಒಂದು ವಾರ ಸಾಕು. ಕಲಿತವರಿಗೆ ಓಯ್‌ಸ್ಟ್ರಾಖ್ ಅವರ ಪಿಟೀಲು, ರಿಕ್ಟರ್ ಅವರ ಪಿಯಾನೊ ಕೈಸೇರುತ್ತವೆ.

ಪ್ಲೇಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಹಳೆಯದು 78 ಸುತ್ತಿನದು, ಅಂದರೆ ನಿಮಿಷಕ್ಕೆ 78 ಸಲ ತಿರುಗುವುದು. ಅದನ್ನು ಮಾಡಿದ್ದು ಅರಗಿನಿಂದ. ಜಗತ್ತಿನ ಕಂಪನಿಗಳಿಗೆಲ್ಲ ಆ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದ ಕಾಡಿನಿಂದಲೇ. ಕೈಜಾರಿದರೆ ಗಾಜಿನಂತೆ ಚೂರಾಗುವ ವಸ್ತು. ಹತ್ತಿಂಚಿನ ಪ್ಲೇಟಿನ ಒಂದು ಬದಿಯಲ್ಲಿ ಮೂರು ನಿಮಿಷ, ಇಲ್ಲವೇ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು. ಎರಡನೆಯದು ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ತಂದ ಎಲ್‌ಪಿ. ಅದರ ವಸ್ತು ವಿನೈಲ್, ವೇಗ 33⅓ ಸುತ್ತು, ಬದಿಗೆ ಇಪ್ಪತ್ತು ನಿಮಿಷದ ಮೇಲೆ ಸಂಗೀತ. ಇವೆರಡರ ನಡುವೆ ನಮ್ಮ ಗಾಯಕರ ಹಾಡುವ ಕ್ರಮವೇ ಬದಲಾಯಿತು.

ಹಳೆಯ ಜಾತಿಯಿಂದಲೇ ಶುರುಮಾಡೋಣ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದು ಕೇಳಿಸುತ್ತದೆ. ಏಕೆಂದರೆ ಅಚ್ಚು ತಯಾರಾಗುತ್ತಿದ್ದದ್ದು ಜರ್ಮನಿಯ ಹನೋವರಿನಲ್ಲಿ. ಯಾರು ಹಾಡಿದ್ದೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾಗಿ, 1928ರಲ್ಲಿ ಡಮ್‌ಡಮ್‌ಗೆ ಹೋಯಿತು. ಗೌಹರ್ ಜಾನ್ ಮೈಸೂರು ಅರಮನೆಯ ಆಶ್ರಯಕ್ಕೆ ಬಂದದ್ದೂ ಅದೇ 1928ರಲ್ಲಿ. ಹದಿನೆಂಟು ತಿಂಗಳು ಕಳೆಯುವಷ್ಟರಲ್ಲಿ, 1930ರ ಜನವರಿಯಲ್ಲಿ, ದೇಶದಲ್ಲೆಲ್ಲ ಪ್ಲೇಟುಗಳಿಂದ ಹೆಸರಾಗಿದ್ದ ಆ ಗಾಯಕಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು.

ಮೂರು ನಿಮಿಷದಲ್ಲಿ ರಾಗ ಹಾಡುವುದೆಂದರೇನು ಎಂದು ಹಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಗಂಟೆ ಹಾಡಬಲ್ಲವರು ಮೂರು ನಿಮಿಷಕ್ಕೆ ಕುಳಿತಾಗ ಯಾವುದನ್ನು ಬಿಟ್ಟರು, ಯಾವುದನ್ನು ಬಿಡಲಾಗಲಿಲ್ಲ ಎಂಬುದೇ ಆ ಪ್ಲೇಟಿನ ವಿಶೇಷ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಅಂಥದ್ದು. ಬಾಲಕ ಭೀಮಸೇನ ಜೋಶಿ ಅದನ್ನು ಪ್ಲೇಟಿನಲ್ಲಿ ಕೇಳಿ, ಹಾಗೆ ಹಾಡಬೇಕೆಂಬ ಹಂಬಲ ಹತ್ತಿ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೊರಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ, ದೊಡ್ಡ ಗವಾಯಿಗಳ ಪ್ಲೇಟುಗಳನ್ನು ಕೇಳಿ ಅಚ್ಚುಕಟ್ಟಾಗಿ ಹಾಗೆಯೇ ಹಾಡಿ ತೋರಿಸುತ್ತಿದ್ದ. ಅವನೇ ಮುಂದೆ ಕುಮಾರ ಗಂಧರ್ವ. ನಮ್ಮ ಉತ್ತರ ಕರ್ನಾಟಕದ ಎರಡು ದೊಡ್ಡ ಕಂಠಗಳ ಹಿಂದೆ ಈ ಅರಗಿನ ತಟ್ಟೆಗಳಿವೆ.

ಇದೇ ಸೀಮೆಯ ಗಂಗೂಬಾಯಿ ಹಾನಗಲ್ಲರ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಾವೆಲ್ಲ ಬಲ್ಲ ಅವರ ದನಿ ಆಳವಾದದ್ದು, ಗಂಡು ಕಂಠವೇ ಅನ್ನಿಸುವಷ್ಟು ಗಟ್ಟಿಯಾದದ್ದು. ಆದರೆ 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವರ ಹಾಡುಗಳನ್ನು ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಹೊರತಂದಿತ್ತು. ಆ ಪ್ಲೇಟುಗಳಲ್ಲಿ ಕೇಳುವುದು ಎತ್ತರದ, ಸಣ್ಣನೆಯ, ಚುರುಕಾದ ಹೆಣ್ಣುದನಿ. ಟಾನ್ಸಿಲ್ ಚಿಕಿತ್ಸೆಯ ನಂತರ ಕಂಠ ಬದಲಾಯಿತು, ಹೊಸ ಕಂಠಕ್ಕೆ ತಕ್ಕಂತೆ ಅವರು ತಮ್ಮ ಗಾಯನವನ್ನು ಮತ್ತೆ ಕಟ್ಟಿಕೊಂಡರು. ಎಲ್‌ಪಿಯಲ್ಲಿ, ಕ್ಯಾಸೆಟ್ಟಿನಲ್ಲಿ, ಆಕಾಶವಾಣಿಯ ಮುದ್ರಣಗಳಲ್ಲಿ ಇರುವುದು ಎರಡನೆಯ ದನಿ. ಮೊದಲನೆಯದು ಇರುವುದು ಗಾಂಧಾರಿ ಎಂಬ ಲೇಬಲ್ಲಿರುವ 78 ಸುತ್ತಿನ ಪ್ಲೇಟುಗಳಲ್ಲಿ. ಹೆಸರಿನ ಗುಟ್ಟು ಗೊತ್ತಿಲ್ಲದವರು ಅದನ್ನು ಯಾರೋ ಮರೆತುಹೋದ ಗಾಯಕಿಯ ಪ್ಲೇಟೆಂದು ಪಕ್ಕಕ್ಕೆ ಸರಿಸುತ್ತಾರೆ. ಗಂಗೂಬಾಯಿಯವರ ಗುರು, ಕುಂದಗೋಳದ ಸವಾಯಿ ಗಂಧರ್ವರ ಮಾತೂ ಹೀಗೆಯೇ. 1942ರಲ್ಲಿ ಪಾರ್ಶ್ವವಾಯು ಬಡಿದು ಅವರ ಕಛೇರಿ ನಿಂತಿತು, ಎಲ್‌ಪಿ ಬಂದದ್ದು ಆಮೇಲೆ. ಭೀಮಸೇನರನ್ನೂ ಗಂಗೂಬಾಯಿಯವರನ್ನೂ ತಿದ್ದಿದ ಆ ಕಂಠ ನಮಗೆ ಉಳಿದಿರುವುದು ಹೆಚ್ಚಾಗಿ ಮೂರು ನಿಮಿಷದ ತುಣುಕುಗಳಲ್ಲಿ.

ಎಲ್‌ಪಿ ಬಂದಾಗ ಬಿಗಿ ಸಡಿಲಾಯಿತು. ನಿಧಾನ ಗತಿಯ ವಿಲಂಬಿತಕ್ಕೆ ಜಾಗ ಸಿಕ್ಕಿತು, ಮಲ್ಲಿಕಾರ್ಜುನ ಮನ್ಸೂರರಂಥವರು ಜೈಪುರ ಘರಾಣೆಯ ಅಪರೂಪದ ರಾಗಗಳನ್ನು ಉಸಿರಾಡಲು ಬಿಟ್ಟು ಹಾಡಿದರು. ಎಚ್‌ಎಂವಿಯ ಈ ಕಾಲದ ಹಿಂದೂಸ್ತಾನಿ ಎಲ್‌ಪಿಗಳ ಬೆನ್ನ ಮೇಲಿನ ಅಕ್ಷರಗಳನ್ನು ಸಂಗ್ರಾಹಕರು ಮೊದಲು ನೋಡುತ್ತಾರೆ: ಇಎಎಲ್‌ಪಿ ಎಂದಿದ್ದರೆ ಮೊನೊ, ಇಎಎಸ್‌ಡಿ ಎಂದಿದ್ದರೆ ಸ್ಟೀರಿಯೊ. ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಕಪ್ಪು ಪಟ್ಟಿಯಲ್ಲಿ ಕೊರೆದ ಸಣ್ಣ ಅಂಕಿಗಳಿರುತ್ತವೆ. ಅದು ಮ್ಯಾಟ್ರಿಕ್ಸ್ ನಂಬರು. ಬೆಳಕಿಗೆ ವಾರೆಯಾಗಿ ಹಿಡಿದರೆ ಕಾಣುತ್ತದೆ. ಲೇಬಲ್ ಹರಿದುಹೋದರೂ ತಟ್ಟೆ ಯಾವುದೆಂದು ಆ ಅಂಕಿಯಿಂದ ಪತ್ತೆ ಹಚ್ಚಬಹುದು.

ಲೇಬಲ್ ಓದುವ ಅಭ್ಯಾಸ ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೂ ಬೇಕು. ಲಂಡನ್ನಿನ ಹಳೆ ರೆಕಾರ್ಡು ಅಂಗಡಿಗಳಲ್ಲಿ ಸಿಗುವ ಪಾಶ್ಚಾತ್ಯ ಸಂಗೀತದ ಕೆಲವು ಪ್ಲೇಟುಗಳ ಮೇಲೆ ಮೈಸೂರು ಮಹಾರಾಜರ ಸಂಗೀತ ಪ್ರತಿಷ್ಠಾನದ ಹೆಸರಿದೆ. ಆ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ ವಾಗ್ಗೇಯಕಾರರೆಂದು ನಮಗೆ ಗೊತ್ತು. ಅವರೇ ಪಿಯಾನೊ ಕಲಿತು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. ಸುಮಾರು 20,000 ರೆಕಾರ್ಡುಗಳಿದ್ದ ಸಂಗ್ರಹ ಅವರದು.

ರಷ್ಯಾದಿಂದ ಬಂದು ಲಂಡನ್ನಿನಲ್ಲಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರರನ್ನು ಆಗ ಕೇಳುವವರು ಕಡಿಮೆ. ಒಡೆಯರ್ ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿದರು. ಹೃದಯದ ಕಾಯಿಲೆಯಿದ್ದ ಆ ಮುದುಕ ತಮ್ಮ ಮೂರೂ ಪಿಯಾನೊ ಕಂಚೆರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತಾವೇ ನುಡಿಸಿ ಎಚ್‌ಎಂವಿಗೆ ಮುದ್ರಿಸಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡಾಗ ಉಳಿದದ್ದು ಆ 78 ಸುತ್ತಿನ ಆಲ್ಬಂಗಳು. ಮೆಟ್ನರರ ಕೈ ಹೇಗೆ ನುಡಿಯುತ್ತಿತ್ತು ಎಂದು ಇಂದಿನ ಪಿಯಾನೊ ವಾದಕರು ತಿಳಿಯಲು ಹೋಗುವುದು ಅಲ್ಲಿಗೇ. ವಾದ್ಯವೃಂದ ನಿರ್ದೇಶಕ ಕರಾಯನ್ 1949ರಲ್ಲಿ ನಡೆಸಿಕೊಟ್ಟ ಬಲಾಕಿರೆವರ ಮೊದಲ ಸಿಂಫನಿಯೂ ಮೈಸೂರಿನ ಹಣದಿಂದ ಮುದ್ರಣವಾದದ್ದು. ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲು ಕೇಳಿಬಂದವು. ಫುರ್ಟ್‌ವೆಂಗ್ಲರ್ ನಿರ್ದೇಶನ, ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಗಾಯನ. ಅದಕ್ಕೆ 4,800 ಡಾಲರಿನ ಖಾತರಿ ಕೊಟ್ಟದ್ದು ಒಡೆಯರ್, ಮುದ್ರಿಸಿದ ಪ್ಲೇಟು ಮೈಸೂರಿಗೆ ಬರಬೇಕೆಂದು. ಒಬ್ಬ ಸಂಗ್ರಾಹಕನ ಆಸೆ ಒಂದು ಕೃತಿಯನ್ನು ವೇದಿಕೆಗೆ ತಂದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ನಮ್ಮ ಊರುಗಳಲ್ಲಿ ಈ ಸಂಗತಿಗೆ ಇನ್ನೂ ಹೆಚ್ಚಿನ ಗೌರವ ಸಲ್ಲಬೇಕು.

ಇನ್ನು ಕೊಳ್ಳುವ ವಿಚಾರ. ಪ್ಲೇಟನ್ನು ಅಂಚಿನಿಂದ ಹಿಡಿದು ಬಿಸಿಲಿಗೆ ವಾರೆ ಮಾಡಿ. ಕೂದಲೆಳೆಯ ಗೀರುಗಳಿಗೆ ಹೆದರಬೇಕಿಲ್ಲ. ಉಗುರಿಗೆ ತಗಲುವ ಗೀರು ಮಾತ್ರ ಪ್ರತಿ ಸುತ್ತಿಗೂ ಟಿಕ್ ಎನ್ನುತ್ತದೆ. ಕಪ್ಪು ಮಾಸಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಸವೆದ ಮುಳ್ಳಿನಲ್ಲಿ ವರ್ಷಗಟ್ಟಲೆ ನುಡಿಸಿದ್ದಾರೆಂದು ಅರ್ಥ, ಅದಕ್ಕೆ ಮದ್ದಿಲ್ಲ. ಮಲೆನಾಡು, ಕರಾವಳಿಯ ಮನೆಗಳಿಂದ ಬಂದವುಗಳಲ್ಲಿ ಬೂಷ್ಟು ಸಾಮಾನ್ಯ, ಅದನ್ನು ತೊಳೆಯಬಹುದು. ಎಲ್‌ಪಿಯನ್ನು ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟವೇ ಒರೆಸಬೇಕು, ಲೇಬಲ್ ನೆನೆಯಬಾರದು. 78 ಸುತ್ತಿನ ಪ್ಲೇಟಿಗೆ ಆಲ್ಕೊಹಾಲ್ ಮುಟ್ಟಿಸಲೇ ಕೂಡದು. ಅರಗು ಅದರಲ್ಲಿ ಕರಗುತ್ತದೆ, ಹಾಡು ಗೆರೆಯ ಸಮೇತ ಹೋಗುತ್ತದೆ. ಮುಳ್ಳೂ ಬೇರೆ. ಎಲ್‌ಪಿಯ ಸಣ್ಣ ಮುಳ್ಳು 78ರ ಅಗಲ ಗೆರೆಯ ತಳಕ್ಕಿಳಿದು ಬರೀ ಕಸ ಕೆರೆಯುತ್ತದೆ. ಅದಕ್ಕೆ ಸುಮಾರು ನಾಲ್ಕು ಪಟ್ಟು ದಪ್ಪ ಮೊನೆಯ ಮುಳ್ಳು ಹಾಕಬೇಕು. ಹೊಸ ಟರ್ನ್‌ಟೇಬಲ್ ಕೊಳ್ಳುವಾಗ 78ರ ವೇಗ ಇದೆಯೇ ಎಂದು ಕೇಳಿ, ಬಹಳಷ್ಟರಲ್ಲಿ ಇರುವುದಿಲ್ಲ. ಇಡುವಾಗ ಪುಸ್ತಕದಂತೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ.

ಈ ಕೆಲಸವನ್ನು ಒಟ್ಟಾಗಿ ಮಾಡುವವರೂ ಇದ್ದಾರೆ. ಮುಂಬೈಯಲ್ಲಿ 1990ರಲ್ಲಿ ಹುಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ತನ್ನ ಪತ್ರಿಕೆಯ ಮೂಲಕ ಪ್ಲೇಟುಗಳ ಪಟ್ಟಿ, ಕಲಾವಿದರ ಚರಿತ್ರೆ ದಾಖಲಿಸಿತು. ಗೌಹರ್ ಜಾನ್ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಂ ಸಂಪತ್ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಡಿಜಿಟಲ್‌ಗೆ ಇಳಿಸಿ ಎಲ್ಲರಿಗೂ ಕೇಳಲು ಇಟ್ಟಿದೆ. ಆದರೂ ಎಲ್‌ಪಿಗೂ ಸಿಡಿಗೂ ಮರಳಿ ಬಾರದ ಪ್ಲೇಟುಗಳು ಬಹಳ ಇವೆ. ಅವುಗಳಲ್ಲಿ ಎಷ್ಟೋ ಧಾರವಾಡ, ಹುಬ್ಬಳ್ಳಿ, ಮೈಸೂರಿನ ಮನೆಗಳಲ್ಲೇ ಇರಬೇಕು, ಏಕೆಂದರೆ ಅವನ್ನು ಕೊಂಡು ಕೇಳಿದವರು ಅಲ್ಲಿಯವರೇ. ಅಟ್ಟ ಖಾಲಿ ಮಾಡುವ ದಿನ ಗುಜರಿಯವನನ್ನು ಕರೆಯುವ ಮೊದಲು ಲೇಬಲ್ಲುಗಳ ಫೋಟೊ ತೆಗೆದು, ಹೆಸರು ಮತ್ತು ನಂಬರು ಬರೆದುಕೊಂಡು, ಗೊತ್ತಿದ್ದ ಒಬ್ಬ ಸಂಗೀತಗಾರರಿಗೋ ಸಂಗ್ರಾಹಕರಿಗೋ ಒಮ್ಮೆ ತೋರಿಸಿ. ಅರ್ಧ ಗಂಟೆಯ ಕೆಲಸ. ಗಾಂಧಾರಿ ಎಂದು ಬರೆದದ್ದು ಕಂಡರಂತೂ ಯಾರಿಗೂ ತೂಕಕ್ಕೆ ಹಾಕಬೇಡಿ.