ಶೇ 96 ಸರಿ, ಉಳಿದ ಶೇ 4?

ಕೆಲಸ ಹುಡುಕುತ್ತಿರುವ ಗೆಳೆಯರ ರೆಸ್ಯುಮೆಗಳಲ್ಲಿ ಈಗ ಈ ಸಾಲು ಸಾಮಾನ್ಯ: ‘ನನ್ನ ಮಾಡೆಲ್‌ನ ಅಕ್ಯುರೆಸಿ ಶೇ 96’. ನಾನು ಅಥಣಿ ತಾಲ್ಲೂಕಿನ ಸತ್ತಿಯವನು, ಎಂಜಿನಿಯರಿಂಗ್ ವಿದ್ಯಾರ್ಥಿ. ಕೃಷ್ಣಾ ಸೀಮೆಯಲ್ಲಿ ಬೆಳೆದ ನನಗೆ ಉಳಿದ ಶೇ 4ರಲ್ಲಿ ಏನಿದೆ ಎಂಬುದೇ ಮುಖ್ಯ ಪ್ರಶ್ನೆ.

ಅತ್ತ ಕೊಯ್ನಾ ಕಡೆ ಮಳೆ ಜೋರಾದರೆ, ಇತ್ತ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2005 ಮತ್ತು 2019ರ ಪ್ರವಾಹವನ್ನು ಈ ಭಾಗದವರು ಮರೆತಿಲ್ಲ. ನೀರಿನ ಮಟ್ಟ ಅಳೆಯುವ ಒಂದು ಸೆನ್ಸರ್ ಇದೆ ಎಂದುಕೊಳ್ಳಿ. ಅಲೆ, ತೇಲಿಬರುವ ಕಸ ಎಲ್ಲ ಸೇರಿ ಅದರ ಅಂಕಿಗಳು ಸದಾ ಅಲುಗಾಡುತ್ತಿರುತ್ತವೆ. ಆ ಗದ್ದಲದೊಳಗಿಂದ ‘ಅಪಾಯ ಇದೆ’, ‘ಇಲ್ಲ’ ಎಂದು ವಿಂಗಡಿಸುವುದೇ ಸಿಗ್ನಲ್ ಕ್ಲಾಸಿಫಿಕೇಶನ್.

ಇದರಲ್ಲಿ ತಪ್ಪು ಎರಡು ಬಗೆ. ನೀರು ಬಾರದಿದ್ದರೂ ಎಚ್ಚರಿಕೆ ಕೊಡುವುದು ಒಂದು, ನೀರು ಬಂದರೂ ಸುಮ್ಮನಿರುವುದು ಇನ್ನೊಂದು. ಅಕ್ಯುರೆಸಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಇದರ ಅಪಾಯ 1884ರಲ್ಲೇ ಬಯಲಾಗಿತ್ತು. ಅಮೆರಿಕದ ಸೇನೆಯ ಸಿಗ್ನಲ್ ವಿಭಾಗದಲ್ಲಿದ್ದ ಜಾನ್ ಫಿನ್ಲಿ ಸುಂಟರಗಾಳಿಯ ಬಗ್ಗೆ 2,803 ಮುನ್ಸೂಚನೆ ಕೊಟ್ಟರು. ಶೇ 96.6ರಷ್ಟು ಸರಿ! ಆದರೆ ಜಿ.ಕೆ. ಗಿಲ್ಬರ್ಟ್ ಎಂಬ ಭೂವಿಜ್ಞಾನಿ ಆ ಲೆಕ್ಕದ ಹುಳುಕು ತೋರಿಸಿದರು. ದಿನವೂ ಕಣ್ಣು ಮುಚ್ಚಿ ‘ಸುಂಟರಗಾಳಿ ಬರುವುದಿಲ್ಲ’ ಎಂದಿದ್ದರೂ ಶೇ 98.2ರಷ್ಟು ಸರಿಯಾಗುತ್ತಿತ್ತು. ಅಪರೂಪದ ಘಟನೆಯಲ್ಲಿ ‘ಇಲ್ಲ’ ಎನ್ನುವವನೇ ಜಾಣನಾಗಿ ಕಾಣುತ್ತಾನೆ.

ಹಾಗಾಗಿ ಎರಡು ಪ್ರಶ್ನೆ ಕೇಳಬೇಕು. ನಿಜವಾಗಿ ಬಂದ ಸುಂಟರಗಾಳಿಗಳಲ್ಲಿ ಎಷ್ಟನ್ನು ಹಿಡಿದರು? 51ರಲ್ಲಿ 28. ಇದು ರಿಕಾಲ್. ಕೊಟ್ಟ ಎಚ್ಚರಿಕೆಗಳಲ್ಲಿ ಎಷ್ಟು ನಿಜವಾದವು? 100ರಲ್ಲಿ 28. ಇದು ಪ್ರಿಸಿಷನ್.

ಒಂದನ್ನು ಎಳೆದರೆ ಇನ್ನೊಂದು ಸಾಮಾನ್ಯವಾಗಿ ಜಗ್ಗುತ್ತದೆ. ಎಚ್ಚರಿಕೆಯ ಗಡಿಯನ್ನು ಕೆಳಗಿಳಿಸಿದರೆ ಯಾವ ಪ್ರವಾಹವೂ ತಪ್ಪಿಹೋಗದು. ಆದರೆ ಜನ ದನಕರು, ಮೇವು, ಕಾಳಿನ ಚೀಲ ಸಾಗಿಸಿ, ಮತ್ತೆ ಮತ್ತೆ ಬರಿಗೈಲಿ ಮರಳಬೇಕು. ನಾಲ್ಕನೇ ಸಲ ‘ಮೊನ್ನಿನೂ ಹಿಂಗ ಅಂದಿದ್ರು, ಎಲ್ಲಿ ಬಂತ್ರೀ ನೀರ?’ ಎಂದು ಕೂತುಬಿಡುತ್ತಾರೆ. ಗಡಿ ಮೇಲೇರಿಸಿದರೆ ಎಚ್ಚರಿಕೆ ಬರುವ ಹೊತ್ತಿಗೆ ಕೊಟ್ಟಿಗೆಗೇ ನೀರು ನುಗ್ಗಿರುತ್ತದೆ. ಗಡಿಯನ್ನು ಸರಿಸುತ್ತ ಹೋದಂತೆ ಎಷ್ಟು ನಿಜ ಸಿಕ್ಕಿತು, ಎಷ್ಟು ಸುಳ್ಳು ಕರೆ ಬಂತು ಎಂದು ತೋರಿಸುವ ಗೆರೆಯೇ ಆರ್‌ಒಸಿ. ಎರಡನೇ ಮಹಾಯುದ್ಧದ ಕಾಲದ ರೇಡಾರ್ ಕೆಲಸದಿಂದ ಬಂದ ಹೆಸರದು.

ಇನ್ನೊಂದು ಮಾತು. ಕಲಿಸಿದ ದತ್ತಾಂಶದ ಮೇಲೆಯೇ ಪರೀಕ್ಷೆ ಬೇಡ. ಬಿಡಿಸಿದ ಪ್ರಶ್ನೆಪತ್ರಿಕೆಯೇ ಪರೀಕ್ಷೆಗೆ ಬಂದರೆ ಯಾರಿಗಾದರೂ ಹೆಚ್ಚು ಅಂಕ ಬೀಳುತ್ತದೆ. 2019ಕ್ಕೂ ಹಿಂದಿನ ವರ್ಷಗಳಿಂದ ಕಲಿತ ಮಾಡೆಲ್‌ ಅನ್ನು 2019ರ ಮೇಲೆ ಒರೆಗೆ ಹಚ್ಚಿದರೆ ಅದರ ನಿಜವಾದ ಬಣ್ಣ ಗೊತ್ತಾಗುತ್ತದೆ.

ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ಒಂದೇ ಶೇಕಡಾವಾರು ಬರೆದು ನಿಲ್ಲಿಸಬೇಡಿ. ಸಿಕ್ಕಿದ್ದೆಷ್ಟು, ತಪ್ಪಿದ್ದೆಷ್ಟು, ಸುಳ್ಳು ಕರೆ ಎಷ್ಟು, ಸುಮ್ಮನಿದ್ದು ಸರಿಯಾದದ್ದೆಷ್ಟು ಎಂಬ ನಾಲ್ಕೂ ಅಂಕಿಗಳನ್ನು ಕೊಡಿ. ಗಡಿಯನ್ನು ಅಲ್ಲೇ ಏಕೆ ಇಟ್ಟಿರಿ ಎಂದು ಸಂದರ್ಶಕರು ಕೇಳಿದರೆ ಉತ್ತರ ಇರಲಿ. ಆ ಉತ್ತರ ಕಂಪ್ಯೂಟರ್ ಕೊಡುವುದಿಲ್ಲ. ಯಾವ ತಪ್ಪಿಗೆ ಯಾರು ಬೆಲೆ ತೆರುತ್ತಾರೆ ಎಂಬುದನ್ನು ಹೊಳೆದಂಡೆಯ ರೈತರನ್ನೇ ಕೇಳಿ ತಿಳಿಯಬೇಕು.