ನಂದಿಬೆಟ್ಟದ ಮೇಲೊಂದು ಮನೆ

ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರು ನಂದಿಬೆಟ್ಟವನ್ನು ಏರದೆ ಹಿಂದಿರುಗುವುದು ನಮ್ಮ ಕಡೆಯ ಮನೆತನಗಳಲ್ಲಿ ವಾಡಿಕೆಯಲ್ಲ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವ, ಅದರೊಡನೆ ಸೇರುವ ದನಗಳ ಜಾತ್ರೆ ಇವೆರಡನ್ನೂ ನೋಡಿಕೊಂಡು ನಾವು ಎರಡು ಸಂಸಾರದವರು ಬೆಟ್ಟದ ದಾರಿ ಹಿಡಿದೆವು. ಒಂದೇ ಶಿಲೆಯಲ್ಲಿ ಪೂರ್ವಾಭಿಮುಖನಾದ ಸುಬ್ರಹ್ಮಣ್ಯ, ಅವನ ಹಿಂದೆ ಪಶ್ಚಿಮಾಭಿಮುಖನಾದ ನರಸಿಂಹ. ಹಿಂಬದಿಯ ದೇವರ ದರ್ಶನ ಕನ್ನಡಿಯಲ್ಲಿ. ಈ ಸೋಜಿಗವನ್ನೇ ಮಕ್ಕಳು ದಾರಿಯುದ್ದಕ್ಕೂ ಮಾತನಾಡುತ್ತಿದ್ದರು. ನಮ್ಮೊಡನಿದ್ದ ವೃದ್ಧ ಮಾತೆಯೊಬ್ಬರು ಮಾತ್ರ ಬೆಟ್ಟದ ಮೇಲಿನ ಹಳೆಯ ಬಂಗಲೆಯ ಮುಂದೆ ನಿಂತು, "ಇದು ಯಾರ ಮನೆ? ಮನೆಯವರು ಎಲ್ಲಿ?" ಎಂದು ಕೇಳಿದರು. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣವೆನ್ನಬೇಕು.

ಮನೆ ಕಟ್ಟಿಸಿದವರು ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಉದ್ಯಾನದ ಹೆಸರಿನಿಂದ ಎಲ್ಲರಿಗೂ ಪರಿಚಿತರು. 1775ರಲ್ಲಿ ಐರಿಷ್ ಸಮುದ್ರದ ನಡುವಿನ ಮ್ಯಾನ್ ದ್ವೀಪದಲ್ಲಿ ಹುಟ್ಟಿ, 1800ರಲ್ಲಿ ಮದರಾಸು ಸೈನ್ಯವನ್ನು ಸೇರಲು ಬಂದವರು. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಂಪೆನಿ ಸರ್ಕಾರವು 1831ರಲ್ಲಿ ಕಿತ್ತುಕೊಂಡಿತಷ್ಟೆ. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರಾಗಿದ್ದವರು ಇವರೇ. ಅರಸರ ಪಾಲಿಗೆ ಅನ್ಯಾಯವಾಗಿದ್ದ ಆ ವ್ಯವಸ್ಥೆಯನ್ನು ನಾವು ಹೊಗಳಲಾರೆವು. ಆದರೂ ಕಡತಗಳ ಭಾಷೆ ಕನ್ನಡ, ಮರಾಠಿಗಳಲ್ಲಿಯೇ ಉಳಿಯುವಂತೆ ನೋಡಿಕೊಂಡ ಅಧಿಕಾರಿ ಎಂಬುದನ್ನು ಮರೆಯುವಂತಿಲ್ಲ.

ಸಮುದ್ರಮಟ್ಟದಿಂದ 1,478 ಮೀಟರು ಎತ್ತರದ ಈ ಶಿಖರದ ಮೇಲೆ ಬೇಸಗೆಯ ವಾಸಕ್ಕೆಂದು ಅವರು ಬಂಗಲೆ ಕಟ್ಟಿಸಿಕೊಂಡರು. ಬೆಳಗಿನ ಜಾವ ಕಣಿವೆಯೆಲ್ಲ ಮಂಜಿನಿಂದ ತುಂಬಿ, ಸುತ್ತಲಿನ ಬೆಟ್ಟಗಳ ನೆತ್ತಿಗಳಷ್ಟೇ ಮೇಲೆದ್ದು ನಿಂತಾಗ ನಂದಿಯೇ ಒಂದು ದ್ವೀಪದಂತೆ ಕಾಣುತ್ತದೆ. ದ್ವೀಪದಲ್ಲಿ ಹುಟ್ಟಿದವರಿಗೆ ಈ ನೋಟ ತವರನ್ನು ನೆನಪಿಸುತ್ತಿತ್ತೋ ಏನೋ! ಅವರು ಮದುವೆಯಾಗಲಿಲ್ಲ. ಅರುವತ್ತು ವರ್ಷ ಈ ದೇಶದಲ್ಲಿಯೇ ಕಳೆದು, 1861ರಲ್ಲಿ ಊರಿಗೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ದೇಹವಷ್ಟೇ ಹುಟ್ಟಿದ ದ್ವೀಪವನ್ನು ಮುಟ್ಟಿತು. ಮನೆ ಮುಂದೆ ಸರ್ಕಾರದ ಸೊತ್ತಾಯಿತು.

ಬೆಟ್ಟವಾದರೋ ಕಬ್ಬನ್ನರಿಗಿಂತ ಎಷ್ಟೋ ಹಿರಿದು. ಬುಡದ ನಂದಿಗ್ರಾಮದಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ. ಕೆಳಗಿನ ಗುಡಿಗೆ ಸಂಬಂಧಿಸಿದ ನೊಳಂಬರ ಶಾಸನ ಕ್ರಿ.ಶ. 806ರದು. ಚಿಕ್ಕಬಳ್ಳಾಪುರದ ಪಾಳೆಯಗಾರರು ಕೋಟೆ ಕಟ್ಟಿದರು, ಹೈದರ್ ಮತ್ತು ಟಿಪ್ಪು ಅದನ್ನು ಬಲಪಡಿಸಿದರು, 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯವು ಅದನ್ನು ಗೆದ್ದಿತು. ಇಷ್ಟೆಲ್ಲ ಆದ ಮೇಲೆ ಉಳಿದುಕೊಂಡವನು ಬಸವಣ್ಣನೊಬ್ಬನೇ.

ಕಬ್ಬನ್ ಭವನಕ್ಕೆ ಮುಂದೆ ನೆಹರು ನಿಲಯವೆಂದು ಹೆಸರಾಯಿತು. ಫ್ರಾನ್ಸಿಸ್ ಕನ್ನಿಂಗ್‌ಹ್ಯಾಮರ ಹೆಸರಿನ ಇನ್ನೊಂದು ಮನೆ ಗಾಂಧಿ ನಿಲಯವಾಯಿತು. 1927ರಲ್ಲಿ ರಕ್ತದೊತ್ತಡ ಏರಿ ಕುಸಿದಿದ್ದ ಮಹಾತ್ಮರು ವಿಶ್ರಾಂತಿಗೆಂದು ಏಪ್ರಿಲ್ ತಿಂಗಳಲ್ಲಿ ನಂದಿಗೆ ಬಂದು, ಜೂನ್ ಮೊದಲ ವಾರದವರೆಗೆ ಇಲ್ಲಿದ್ದರು. ಇಲ್ಲಿಂದ ಇಳಿದು ಬೆಂಗಳೂರಿನ ಕುಮಾರಕೃಪಾದಲ್ಲಿ ತಂಗಿದರು. 1936ರ ಮೇ ತಿಂಗಳಲ್ಲಿ ಮತ್ತೆ ಬಂದಾಗ ಸರದಾರ ಪಟೇಲರೂ ಜೊತೆಗಿದ್ದರು, ಸರ್ ಸಿ. ವಿ. ರಾಮನ್ನರು ಬೆಟ್ಟವೇರಿ ಬಂದು ಅವರನ್ನು ಕಂಡರು. 1986ರ ನವೆಂಬರಿನಲ್ಲಿ ಬೆಂಗಳೂರಿನ ಸಾರ್ಕ್ ಸಮ್ಮೇಳನಕ್ಕೆ ಕೂಡಿದ್ದ ಏಳು ದೇಶಗಳ ನಾಯಕರು ಇಲ್ಲಿಗೆ ಬಂದುದನ್ನು ನಮ್ಮಲ್ಲಿ ಹಲವರು ನೆನೆಯಬಲ್ಲರು. ಶ್ರೀಲಂಕಾ, ಮಾಲ್ಡೀವ್ಸ್‌ಗಳ ಅಧ್ಯಕ್ಷರು ಆ ತಂಡದಲ್ಲಿದ್ದರು. ದ್ವೀಪದವನ ಮನೆಗೆ ದ್ವೀಪಗಳಿಂದಲೇ ಅತಿಥಿಗಳು.

ಕೊಡಗು, ಚಿಕ್ಕಮಗಳೂರುಗಳಲ್ಲಿ ದೊರೆಗಳ ತೋಟದ ಬಂಗಲೆಗಳು ನಮ್ಮವರ ಕೈಸೇರಿ, ಈಗ ಮನೆಯೊಡತಿಯೇ ರೊಟ್ಟಿ ಬಡಿಸುವ ವಸತಿಗೃಹಗಳಾಗಿವೆ. ನಂದಿಗೆ ಆ ಭಾಗ್ಯ ಬರಲಿಲ್ಲ. ತೋಟಗಾರಿಕೆ ಇಲಾಖೆಯ ಅಧೀನದಲ್ಲಿ ಇವು ಅತಿಥಿಗೃಹಗಳಾದವು. ಒಂದು ಕುಟುಂಬದ ಸೊತ್ತಾಗಿದ್ದರೆ ನೆಲ ಇನ್ನೂ ಚೊಕ್ಕಟವಾಗಿರುತ್ತಿತ್ತೆಂದು ನಮ್ಮಲ್ಲೊಬ್ಬರು ವಾದಿಸಿದರು. ಇರಬಹುದು. ಆದರೆ ಆಗ ಜಾತ್ರೆಯ ಧೂಳು ಮೆತ್ತಿಕೊಂಡ ನಾವು ಅಂಗಳದಲ್ಲಿ ಬುತ್ತಿ ಬಿಚ್ಚಲು ಬಿಡುತ್ತಿದ್ದರೇ ಎಂಬ ಸಂದೇಹ ನಮ್ಮದು.

ನಮ್ಮನ್ನು ಕಾಡಿದ್ದು ಬೇರೊಂದು ಮಾತು. ಅರ್ಕಾವತಿ ಹುಟ್ಟುವುದು ಈ ಬೆಟ್ಟದಲ್ಲಿ. ಪಾಲಾರ್, ದಕ್ಷಿಣ ಪಿನಾಕಿನಿಗಳ ಮೂಲವೂ ಈ ಸಾಲಿನಲ್ಲಿಯೇ. ಇದೇ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕೆರೆ ಕಟ್ಟಿ 1894ರ ಸುಮಾರಿಗೆ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಕೊಟ್ಟರು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಆಮೇಲೆ ಕೊಳವೆಬಾವಿಗಳು ಹೆಚ್ಚಿದವು, ಕೆರೆಯಿಂದ ಕೆರೆಗೆ ಹರಿಯುವ ಕಾಲುವೆಗಳು ಮುಚ್ಚಿಹೋದವು, ದೊಡ್ಡಬಳ್ಳಾಪುರದ ಹಿರಿಯರು ಕಂಡಿದ್ದ ಹೊಳೆ ಮಳೆಗಾಲದಲ್ಲಿಯೂ ಹರಿಯುವುದು ಅಪರೂಪವಾಯಿತು. ಮೇಲೆ ಮನೆ ನೋಡಲು ಬರುವವರಿಗೇನೂ ಕೊರತೆಯಿಲ್ಲ. ರಜೆಯ ದಿನ ಸೂರ್ಯೋದಯಕ್ಕೆ ಮೊದಲೇ ವಾಹನಗಳ ಸಾಲು ನಿಲ್ಲುತ್ತದೆ.

ಸಂಜೆ ಅಮೃತ ಸರೋವರದ ಮೆಟ್ಟಿಲ ಮೇಲೆ ಕುಳಿತೆವು. ಮಾತೆಯವರು ನೀರನ್ನು ಬೊಗಸೆಯಲ್ಲಿ ಎತ್ತಿ, ನೋಡಿ, ಮತ್ತೆ ಕೊಳಕ್ಕೇ ಬಿಟ್ಟರು. "ಮನೆಯವರು ಹೋದರೆ ಹೋಗಲಿ, ಬಾವಿ ಇದೆಯಲ್ಲ" ಎಂದರು. ಮಕ್ಕಳು ಬುತ್ತಿಯ ಎಲೆಗಳನ್ನು ಕಟ್ಟಿ ಚೀಲಕ್ಕೆ ಹಾಕಿಕೊಂಡರು. ಕತ್ತಲಾಗುವ ಮೊದಲು ಇಳಿದುಬಿಟ್ಟೆವು.